ನಾಲ್ಕು ಬದಿ ಅಳೆದರೆ ಸಾಲದು, ಕ್ರಾಸ್ ಹಿಡಿದು ನೋಡಿ: ಆಯತ ಮತ್ತು ಚೌಕದ ಪಾಠ, ಸೈಟಿನಲ್ಲಿ ನಿಂತು

ನಮ್ಮ ಮನೆ ಕಟ್ಟಿಸುವಾಗ ಹಿಂದಿನ ರೂಮು ಪ್ಲಾನಿನಲ್ಲಿ 10 ಅಡಿಗೆ 12 ಅಡಿ ಇತ್ತು. ಗೋಡೆ ಎದ್ದ ಮೇಲೆ ನಾನೇ ಟೇಪು ಹಿಡಿದು ನೋಡಿದೆ. ಈ ಕಡೆ 12, ಆ ಕಡೆ 12, ಅಡ್ಡಕ್ಕೆ ಎರಡೂ 10. ಎಲ್ಲ ಸರಿ ಇದೆ ಅಂತ ಸಮಾಧಾನದಿಂದ ಮನೆಗೆ ಹೋಗಿ ಮಲಗಿದೆ. ಆರು ತಿಂಗಳಾದ ಮೇಲೆ ಟೈಲ್ಸ್ ಹಾಕುವವರು ಬಂದರು. ಉದ್ದದ ಗೋಡೆಗೆ ಸರಿಯಾಗಿ ಸಾಲು ಹಿಡಿದು ಬಂದರೆ, ಪಕ್ಕದ ಗೋಡೆ ಹತ್ತಿರ ಒಂದು ತುದಿಯಲ್ಲಿ ಟೈಲು ಅಚ್ಚುಕಟ್ಟಾಗಿ ಕೂತಿತು, ಇನ್ನೊಂದು ತುದಿಯಲ್ಲಿ ಎರಡೂವರೆ ಇಂಚು ಸಂದಿ ಬಿತ್ತು. "ಮೂಲೆಮಟ್ಟ ತಪ್ಪಿದೆ ಸಾರ್, ಕ್ರಾಸ್ ಹಿಡಿದು ನೋಡ್ಲಿಲ್ವಾ?" ಅಂದರು ಮೇಸ್ತ್ರಿ.

ಆಗ ಮೂಲೆಯಿಂದ ಮೂಲೆಗೆ ಟೇಪು ಎಳೆದೆವು. ಒಂದು ಕಡೆ 15 ಅಡಿ 9 ಇಂಚು ದಾಟಿತ್ತು, ಇನ್ನೊಂದು ಕಡೆ 15 ಅಡಿ ಐದೂವರೆ ಇಂಚು. ಎರಡೂ 15 ಅಡಿ ಏಳೂವರೆ ಇಂಚಿನ ಹತ್ತಿರ ಇರಬೇಕಿತ್ತು. ನಾಲ್ಕು ಬದಿಯೂ ಸರಿ ಇದ್ದವು, ಆದರೆ ರೂಮು ಓರೆಯಾಗಿತ್ತು. "ಆಯತದ ಕರ್ಣಗಳು ಸಮ" ಅಂತ ಶಾಲೆಯಲ್ಲಿ ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ, ಅದರಿಂದ ಒಂದು ಗೋಡೆಯನ್ನು ಉಳಿಸಿಕೊಳ್ಳಬಹುದು ಅಂತ ಮಾತ್ರ ಹೊಳೆದಿರಲಿಲ್ಲ.

ಮನೆ ಕಟ್ಟಿಸುವವರು, ಊರಿನ ಬಯಲಲ್ಲಿ ಶಟಲ್ ಕೋರ್ಟ್ ಗೆರೆ ಹಾಕುವವರು, ಮಗುವಿನ ಹೋಂವರ್ಕ್ ಜೊತೆ ಒದ್ದಾಡುವವರು, ಎಲ್ಲರಿಗೂ ಇದೇ ವಿಷಯ ಬೇಕು. ಎರಡು ಟೇಪು, ನಾಲ್ಕು ಗೂಟ, ಒಂದು ಉಂಡೆ ದಾರ ಇದ್ದರೆ ಸಾಕು.

ಮೊದಲು ಗುರುತು ಹಿಡಿಯುವುದು

ನಾಲ್ಕು ಮೂಲೆಯೂ ಲಂಬಕೋನ, ಅಂದರೆ 90 ಡಿಗ್ರಿ ಇದ್ದರೆ ಅದು ಆಯತ. ಅಷ್ಟೇ. ಎದುರುಬದುರು ಬದಿಗಳು ಸಮ ಇರುವುದು, ಅವು ಒಂದಕ್ಕೊಂದು ಸಮಾಂತರವಾಗಿರುವುದು, ಎರಡು ಕರ್ಣಗಳ ಉದ್ದ ಒಂದೇ ಆಗಿರುವುದು, ಅವು ಒಂದನ್ನೊಂದು ಸರಿಯಾಗಿ ಅರ್ಧಕ್ಕೆ ಕತ್ತರಿಸುವುದು, ಇವೆಲ್ಲ ಆ ನಾಲ್ಕು ಮೂಲೆಗಳಿಂದ ತಾನಾಗಿ ಬರುತ್ತವೆ. ಇದರ ಜೊತೆ ನಾಲ್ಕು ಬದಿಯೂ ಸಮ ಇದ್ದರೆ ಚೌಕ. ಈಗಿನ ಪಠ್ಯಪುಸ್ತಕದಲ್ಲಿ ಇದನ್ನೇ ವರ್ಗ ಅಂತಲೂ ಬರೆಯುತ್ತಾರೆ, ಗಾಬರಿಯಾಗಬೇಡಿ.

ಚೌಕ ಕೂಡ ಆಯತವೇನಾ ಅಂತ ಮಕ್ಕಳು ಕೇಳುತ್ತಾರೆ. ಹೌದು. ಮಲ್ಲಿಗೆ ಎಲ್ಲವೂ ಹೂವೇ, ಹೂವೆಲ್ಲ ಮಲ್ಲಿಗೆ ಅಲ್ಲ, ಹಾಗೆ. ಆಯತದ ಎಲ್ಲ ಗುಣವೂ ಚೌಕಕ್ಕೆ ಇದೆ, ಮೇಲೊಂದಿಷ್ಟು ಜಾಸ್ತಿ ಇದೆ.

ಇನ್ನು ನನ್ನ ರೂಮಿಗೆ ಆದದ್ದು ಏನು ಅಂತ ನೋಡಲು ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಒಳಗಿನ ಕಡ್ಡಿ ಡಬ್ಬಿ ಆಚೆ ತೆಗೆದು, ಹೊರಗಿನ ಖಾಲಿ ಹೊದಿಕೆಯನ್ನು ಒಂದು ಕಡೆಗೆ ಮೆಲ್ಲಗೆ ಒತ್ತಿ. ಬಾಯಿ ಓರೆಯಾಗುತ್ತದೆ. ಯಾವ ಬದಿಯ ಉದ್ದವೂ ಒಂದು ಕೂದಲಿನಷ್ಟೂ ಬದಲಾಗಿಲ್ಲ, ಆದರೆ ಆಯತ ಹೋಗಿ ಸಮಾಂತರ ಚತುರ್ಭುಜವಾಯಿತು. ಒಂದು ಕರ್ಣ ಉದ್ದವಾಯಿತು, ಇನ್ನೊಂದು ಗಿಡ್ಡವಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಹಾಗೆ, ಎದುರುಬದುರು ಸಮ ಇರುವುದೆಲ್ಲ ಆಯತ ಅಲ್ಲ.

ಹಾಗಾದರೆ ಕರ್ಣ ಮಾತ್ರ ಅಳೆದರೆ ಸಾಕಾ? ಅದೂ ಸಾಲದು. ಬಕೆಟ್ಟನ್ನು ಪಕ್ಕದಿಂದ ನೋಡಿ, ಕೆಳಗೆ ಕಿರಿದು, ಮೇಲೆ ಅಗಲ. ಆ ಆಕಾರಕ್ಕೂ ಎರಡು ಕರ್ಣಗಳು ಸಮ ಇರುತ್ತವೆ, ಆದರೆ ಒಂದು ಮೂಲೆಯೂ ಲಂಬವಿಲ್ಲ. ಆದ್ದರಿಂದ ಎರಡೂ ಬೇಕು: ಎದುರುಬದುರು ಬದಿಗಳು ಸಮ ಇರಬೇಕು, ಕರ್ಣಗಳೂ ಸಮ ಇರಬೇಕು. ಈ ಎರಡು ಪರೀಕ್ಷೆ ಪಾಸಾದರೆ ನಾಲ್ಕೂ ಮೂಲೆ 90 ಡಿಗ್ರಿ ಇದ್ದೇ ಇರುತ್ತದೆ, ಮೂಲೆಮಟ್ಟ ಇಟ್ಟು ನೋಡುವ ಅಗತ್ಯವೂ ಇಲ್ಲ. ನಾನು ಮೊದಲನೆಯದನ್ನು ಮಾತ್ರ ಮಾಡಿದ್ದೆ.

ನೆಲದ ಮೇಲೆ ಆಯತ ಹಾಕುವುದು

30 ಅಡಿಗೆ 40 ಅಡಿಯ ಸೈಟು ಅಂದುಕೊಳ್ಳೋಣ, ಬೆಂಗಳೂರಿನವರು ಥರ್ಟಿ ಫಾರ್ಟಿ ಅನ್ನುತ್ತಾರಲ್ಲ, ಅದೇ. ಈ ಅಳತೆಯಲ್ಲಿ ಒಂದು ಅದೃಷ್ಟ ಅಡಗಿದೆ. ಇದರ ಕರ್ಣ ಕರಾರುವಾಕ್ಕಾಗಿ 50 ಅಡಿ. 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500, ಅದರ ವರ್ಗಮೂಲ 50. ಚಿಲ್ಲರೆ ಇಲ್ಲ, ಇಂಚಿನ ತಲೆನೋವಿಲ್ಲ.

ರಸ್ತೆ ಕಡೆಯ ಗೆರೆಯಿಂದ ಶುರು ಮಾಡಿ. ಎರಡು ಗೂಟ ಹೊಡೆದು, ಗೂಟದ ನೆತ್ತಿಗೆ ಒಂದೊಂದು ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ಸರಿಯಾಗಿ 30 ಅಡಿ ದಾರ ಕಟ್ಟಿ. ಈ ಗೆರೆಯನ್ನು ಇನ್ನು ಮುಟ್ಟಬೇಡಿ. ಈಗ ಎರಡು ಟೇಪು ಬೇಕು, ಒಬ್ಬರ ಬದಲು ಮೂವರಿದ್ದರೆ ಒಳ್ಳೆಯದು. ಎಡಗಡೆಯ ಮೊಳೆಗೆ ಒಂದು ಟೇಪು ಸಿಕ್ಕಿಸಿ 40 ಅಡಿಗೆ ಹಿಡಿಯಿರಿ, ಬಲಗಡೆಯ ಮೊಳೆಗೆ ಇನ್ನೊಂದು ಸಿಕ್ಕಿಸಿ 50 ಅಡಿಗೆ ಹಿಡಿಯಿರಿ. ಹಿಂದೆ ಎರಡು ಟೇಪುಗಳೂ ಬಿಗಿಯಾಗಿ ಎಲ್ಲಿ ಕೂಡುತ್ತವೋ ಅಲ್ಲಿ ಮೂರನೇ ಗೂಟ. ಇದನ್ನೇ ತಿರುಗಿಸಿ ಮಾಡಿದರೆ ನಾಲ್ಕನೆಯದು. ಕೊನೆಗೆ ಹಿಂದಿನ ಎರಡು ಗೂಟಗಳ ನಡುವೆ ಅಳೆದು ನೋಡಿ. 30 ಬಂದರೆ ಸುಣ್ಣದ ಪುಡಿ ಉದುರಿಸಬಹುದು.

ಈ ಉಪಾಯ ಬಹಳ ಹಳೆಯದು. ಯಜ್ಞಕುಂಡಕ್ಕೆ ಇಟ್ಟಿಗೆ ಜೋಡಿಸುವ ಕಾಲದ ಬೌಧಾಯನ ಶುಲ್ಬಸೂತ್ರದಲ್ಲಿ ಇದೇ ಮಾತಿದೆ: ಆಯತದ ಕರ್ಣಕ್ಕೆ ಎಳೆದ ಹಗ್ಗದ ಮೇಲೆ ಬರುವ ಚೌಕದ ವಿಸ್ತೀರ್ಣ, ಎರಡು ಬದಿಗಳ ಮೇಲೆ ಬರುವ ಚೌಕಗಳ ವಿಸ್ತೀರ್ಣ ಸೇರಿದಷ್ಟು. ಶುಲ್ಬ ಅಂದರೇ ಹಗ್ಗ. 3 ಮತ್ತು 4, 12 ಮತ್ತು 5, 15 ಮತ್ತು 8, 7 ಮತ್ತು 24, ಹೀಗೆ ಚಿಲ್ಲರೆ ಇಲ್ಲದೆ ಕರ್ಣ ಸಿಗುವ ಜೋಡಿಗಳನ್ನೂ ಅಲ್ಲಿ ಪಟ್ಟಿ ಮಾಡಿದ್ದಾರೆ. ನಮ್ಮ ಮೇಸ್ತ್ರಿಗಳ ಮೂರು ನಾಲ್ಕು ಐದು ಅದೇ ಹಗ್ಗದ ಇನ್ನೊಂದು ತುದಿ.

ಆದರೆ ಒಂದು ಎಚ್ಚರಿಕೆ. ಮೂರು ಅಡಿ, ನಾಲ್ಕು ಅಡಿಯ ಪುಟ್ಟ ತ್ರಿಕೋನ ಹಾಕಿ, ಅದೇ ಗೆರೆಯನ್ನು 40 ಅಡಿಯವರೆಗೆ ಎಳೆದುಕೊಂಡು ಹೋಗುವವರಿದ್ದಾರೆ. ಮೂರು ಅಡಿಯಲ್ಲಿ ಕಾಲು ಇಂಚು ಆಚೀಚೆ ಆದರೆ 40 ಅಡಿಯ ತುದಿಯಲ್ಲಿ ಅದು ಮೂರು ಇಂಚಿಗೂ ಜಾಸ್ತಿ ಆಗುತ್ತದೆ. ಜಾಗ ಇದ್ದಷ್ಟು ದೊಡ್ಡ ತ್ರಿಕೋನ ಹಾಕಿ. 12, 16, 20 ಆಗಲಿ, 30, 40, 50 ಆಗಲಿ, ಅನುಪಾತ ಅದೇ.

ಇನ್ನೊಂದು, ಟೇಪನ್ನು ನೆಲದ ಇಳಿಜಾರಿಗೆ ಮಲಗಿಸಿ ಅಳೆಯಬೇಡಿ. ಪ್ಲಾನಿನ ಅಳತೆ ಮಟ್ಟಸವಾದ ಅಳತೆ. ತಗ್ಗಿನ ಕಡೆಯ ತುದಿಯನ್ನು ಎತ್ತಿ ಮಟ್ಟಕ್ಕೆ ಹಿಡಿದು, ತೂಗುಗುಂಡು ಇಳಿಬಿಟ್ಟು ನೆಲಕ್ಕೆ ಗುರುತು ಮಾಡಬೇಕು. ಟೇಪು ನಡುವೆ ಜೋತುಬಿದ್ದರೂ ಅಳತೆ ಸುಳ್ಳು ಹೇಳುತ್ತದೆ.

ಬೇರೆ ಅಳತೆಗಳಿಗೆ ಕರ್ಣ ಬೇಕಾದರೆ ಫೋನಿನ ಕ್ಯಾಲ್ಕುಲೇಟರ್ ಸಾಕು. ಎರಡು ಬದಿಗಳ ವರ್ಗ ಕೂಡಿ, ವರ್ಗಮೂಲ ತೆಗೆಯಿರಿ, ಚುಕ್ಕಿಯ ಆಚೆ ಉಳಿದದ್ದನ್ನು 12ರಿಂದ ಗುಣಿಸಿದರೆ ಇಂಚು. ಇಲ್ಲಿ ಜಾಸ್ತಿ ಜನ ಎಡವುವುದು ಕೊನೆಯ ಹೆಜ್ಜೆಯಲ್ಲೇ: 58.31 ಅಡಿ ಅಂದರೆ 58 ಅಡಿ 31 ಇಂಚೂ ಅಲ್ಲ, 58 ಅಡಿ 3 ಇಂಚೂ ಅಲ್ಲ, ಹತ್ತಿರಹತ್ತಿರ 58 ಅಡಿ ಮೂರೂಮುಕ್ಕಾಲು ಇಂಚು. ಇದು 30 ಅಡಿಗೆ 50 ಅಡಿ ಸೈಟಿನ ಕರ್ಣ. 20ಕ್ಕೆ 30 ಸೈಟಿಗೆ 36 ಅಡಿ ಮುಕ್ಕಾಲು ಇಂಚಿನಷ್ಟು. 40ಕ್ಕೆ 60ಕ್ಕೆ 72 ಅಡಿ 1 ಇಂಚು ಮತ್ತು ಸ್ವಲ್ಪ. ಶಟಲ್ ಕೋರ್ಟ್ 44 ಅಡಿಗೆ 20 ಅಡಿ, ಅದರ ಕರ್ಣ 48 ಅಡಿ 4 ಇಂಚು. ಗಂಡಸರ ಕಬಡ್ಡಿ ಅಂಕಣ 13 ಮೀಟರ್‌ಗೆ 10 ಮೀಟರ್, ಕರ್ಣ 16 ಮೀಟರ್ 40 ಸೆಂಟಿಮೀಟರ್.

ಕರ್ಣ ಹೊಂದದಿದ್ದರೆ ಗೂಟ ಎತ್ತ ಸರಿಸಬೇಕು?

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾಲ್ಕು ಬದಿಯೂ 30, 40 ಸರಿ ಇವೆ, ಆದರೆ ಒಂದು ಕರ್ಣ 50 ಅಡಿ 6 ಇಂಚು, ಇನ್ನೊಂದು 49 ಅಡಿ 6 ಇಂಚು ಅಂದುಕೊಳ್ಳಿ. ಮುಂದಿನ ಎರಡು ಗೂಟಗಳನ್ನು ಮುಟ್ಟಬಾರದು. ಹಿಂದಿನ ಎರಡನ್ನೂ ಒಟ್ಟಿಗೆ, ನಡುವಿನ 30 ಅಡಿ ಬದಲಾಗದ ಹಾಗೆ, ಪಕ್ಕಕ್ಕೆ ಸರಿಸಬೇಕು. ಯಾವ ಪಕ್ಕಕ್ಕೆ? ಉದ್ದದ ಕರ್ಣ ಗಿಡ್ಡವಾಗುವ ಕಡೆಗೆ. ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ ಎಳೆದದ್ದು ಉದ್ದವಿದ್ದರೆ ಎಡಕ್ಕೆ.

ಎಷ್ಟು ಸರಿಸಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಎರಡು ಕರ್ಣಗಳ ವರ್ಗಗಳ ವ್ಯತ್ಯಾಸ ತೆಗೆದು, ಮುಂದಿನ ಬದಿಯ ನಾಲ್ಕು ಪಟ್ಟಿನಿಂದ ಭಾಗಿಸಿ. ಇಲ್ಲಿ 50.5ರ ವರ್ಗದಲ್ಲಿ 49.5ರ ವರ್ಗ ಕಳೆದರೆ 100 ಬರುತ್ತದೆ. ಅದನ್ನು 120ರಿಂದ ಭಾಗಿಸಿದರೆ 0.83 ಅಡಿ, ಅಂದರೆ 10 ಇಂಚು. ನೋಡಿದಿರಾ, ಕರ್ಣದಲ್ಲಿ ಆರಾರು ಇಂಚಿನ ಏರುಪೇರು ಕಂಡರೆ ಗೋಡೆ ಹತ್ತು ಇಂಚು ವಾಲಿರುತ್ತದೆ. ಹತ್ತು ಅಡಿಗೆ ಎರಡೂವರೆ ಇಂಚು, ನನ್ನ ರೂಮಿನ ಕತೆಯೇ. ಸರಿಸಿದ ಮೇಲೆ 40ರ ಬದಿಗಳನ್ನು ಮತ್ತೊಮ್ಮೆ ಅಳೆಯಿರಿ, ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಒಂದೆರಡು ಸುತ್ತು ಮಾಡಿದರೆ ಕೂತುಕೊಳ್ಳುತ್ತದೆ.

ಚೌಕಕ್ಕೆ ಇರುವ ಹೆಚ್ಚುವರಿ ಗುಣಗಳು

ಚೌಕದ ಕರ್ಣಗಳು ಸಮ ಇರುವುದಷ್ಟೇ ಅಲ್ಲ, ಒಂದಕ್ಕೊಂದು ಲಂಬವಾಗಿ ದಾಟುತ್ತವೆ, ಮೂಲೆಯನ್ನು 45, 45 ಅಂತ ಸರಿಪಾಲು ಮಾಡುತ್ತವೆ. ಬರೀ ಆಯತದಲ್ಲಿ ಇವೆರಡೂ ಇಲ್ಲ. ಓರೆಯಾದ ಚೌಕ, ಅಂದರೆ ವಜ್ರಾಕೃತಿಯಲ್ಲಿ ಕರ್ಣಗಳು ಲಂಬವಾಗಿ ದಾಟುತ್ತವೆ, ಆದರೆ ಉದ್ದ ಸಮ ಇರುವುದಿಲ್ಲ. ಆಯತದ ಗುಣ, ವಜ್ರದ ಗುಣ ಎರಡೂ ಒಂದೇ ಕಡೆ ಸೇರಿದರೆ ಚೌಕ.

ಚೌಕದ ಕರ್ಣ ಬೇಕಾದರೆ ಬದಿಯನ್ನು 1.414ರಿಂದ ಗುಣಿಸಿ. ಬಾಯಿಲೆಕ್ಕಕ್ಕೆ ಒಂದು ಅಡಿಗೆ 17 ಇಂಚು ಅಂತ ಇಟ್ಟುಕೊಳ್ಳಿ, ನಿಜ ಬೆಲೆ 16.97, ಎಷ್ಟು ಹತ್ತಿರ ಅಲ್ವಾ. ಊರಿನ ಲೆಕ್ಕದಲ್ಲಿ ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿಯ ಚೌಕ, 1089 ಚದರ ಅಡಿ, ಅಂಥವು 40 ಸೇರಿದರೆ ಎಕರೆ. ಗುಂಟೆ ಚೌಕದ ಕರ್ಣ 46 ಅಡಿ 8 ಇಂಚು. ಹೊಲದಲ್ಲಿ ಒಂದು ಗುಂಟೆಯನ್ನು ಚೌಕವಾಗಿ ಗುರುತು ಮಾಡಬೇಕಾದರೆ ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು.

ಮಕ್ಕಳಿಗೆ ತೋರಿಸಲು ಎ4 ಹಾಳೆ ಚೆನ್ನಾಗಿರುತ್ತದೆ. ಒಂದು ಮೂಲೆ ಹಿಡಿದು, ಗಿಡ್ಡ ಅಂಚು ಉದ್ದದ ಅಂಚಿನ ಮೇಲೆ ಸರಿಯಾಗಿ ಕೂರುವ ಹಾಗೆ ಮಡಿಸಿ. ತ್ರಿಕೋನ ಬಂತಲ್ಲ, ಬಿಚ್ಚಿದರೆ ಅದು ಚೌಕ, ಪಕ್ಕದಲ್ಲಿ ಒಂದು ಪಟ್ಟಿ ಮಿಕ್ಕಿರುತ್ತದೆ. ಈಗ ಮಡಿಕೆಯ ಗೆರೆಯನ್ನು ಇನ್ನೊಂದು ಎ4 ಹಾಳೆಯ ಉದ್ದದ ಅಂಚಿಗೆ ಹಿಡಿದು ನೋಡಿ. ಎರಡೂ ಒಂದೇ! ಹಾಳೆ 210 ಮಿಲಿಮೀಟರ್‌ಗೆ 297, ಮತ್ತು 210ರ ಚೌಕದ ಕರ್ಣ 297ಕ್ಕೆ ಕೂದಲೆಳೆಯಷ್ಟು ಕಡಿಮೆ. ಎ4 ಹಾಳೆಯನ್ನು ಅಡ್ಡಕ್ಕೆ ಅರ್ಧ ಮಾಡಿದರೆ ಅದೇ ಆಕಾರದ ಚಿಕ್ಕ ಹಾಳೆ ಬರುವುದು ಈ ಅನುಪಾತದಿಂದಲೇ.

ಅದೇ ಹಾಳೆಯಲ್ಲಿ ಇನ್ನೊಂದು ತಪ್ಪನ್ನೂ ತಿದ್ದಬಹುದು. ಆಯತಕ್ಕೆ ಎಷ್ಟು ಸಮ್ಮಿತಿ ಗೆರೆ ಅಂದರೆ ಅನೇಕ ಮಕ್ಕಳು ನಾಲ್ಕು ಅನ್ನುತ್ತಾರೆ, ಕರ್ಣಗಳನ್ನೂ ಎಣಿಸಿಕೊಂಡು. ಇಡೀ ಎ4 ಹಾಳೆಯನ್ನು ಕರ್ಣದ ಮೇಲೆ ಮಡಿಸಿ ನೋಡಿ, ಮೂಲೆಗಳು ಒಂದರ ಮೇಲೊಂದು ಕೂರುವುದೇ ಇಲ್ಲ, ಎರಡು ಕಿವಿ ಎದ್ದು ನಿಲ್ಲುತ್ತವೆ. ಆಯತಕ್ಕೆ ಎರಡೇ, ಚೌಕಕ್ಕೆ ನಾಲ್ಕು.

ಕರ್ಣಗಳು ದಾಟುವ ಬಿಂದುವೇ ನಡು. ಫ್ಯಾನಿನ ಕೊಕ್ಕೆ ಎಲ್ಲಿ ಬರಬೇಕು, ಹಾಲಿನ ನಡುವೆ ರಂಗೋಲಿ ಎಲ್ಲಿ ಹಾಕಬೇಕು ಅಂತ ತಿಳಿಯಲು ಮೂಲೆಯಿಂದ ಮೂಲೆಗೆ ಎರಡು ದಾರ ಕಟ್ಟಿದರೆ ಮುಗಿಯಿತು. ಆ ಬಿಂದುವಿನ ಮೂಲಕ ಯಾವ ದಿಕ್ಕಿಗೆ ನೇರ ಗೆರೆ ಎಳೆದರೂ ಆಯತ ಸರಿಯಾಗಿ ಎರಡು ಸಮಪಾಲು ಆಗುತ್ತದೆ, ಗೆರೆ ಎಷ್ಟೇ ಓರೆ ಇದ್ದರೂ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಬಾವಿ ಒಂದು ಕಡೆ, ಮಾವಿನ ಮರ ಒಂದು ಕಡೆ ಬರಲಿ ಅಂತ ಗೆರೆ ತಿರುಗಿಸಬೇಕಾದರೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಜಗಳ ನಿಲ್ಲುತ್ತದೆ ಅಂತ ನಾನು ಗ್ಯಾರಂಟಿ ಕೊಡುವುದಿಲ್ಲ.

ಸುತ್ತಳತೆ, ವಿಸ್ತೀರ್ಣ, ಮತ್ತು ಕ್ರಯಪತ್ರದಲ್ಲಿ ಬರೆಯುವ ಆ ಸರಾಸರಿ

ಸೂತ್ರ ಎಲ್ಲರಿಗೂ ಗೊತ್ತು. ಉದ್ದ ಅಗಲ ಕೂಡಿ ಎರಡರಿಂದ ಗುಣಿಸಿದರೆ ಸುತ್ತಳತೆ, ಉದ್ದ ಅಗಲ ಗುಣಿಸಿದರೆ ವಿಸ್ತೀರ್ಣ. ಥರ್ಟಿ ಫಾರ್ಟಿಗೆ 140 ಅಡಿ ಸುತ್ತಳತೆ, 1200 ಚದರ ಅಡಿ. ಜನ ಮರೆಯುವುದು ಏನೆಂದರೆ, ಅದೇ 140 ಅಡಿ ಬೇಲಿಯಲ್ಲಿ 35ರ ಚೌಕ ಮಾಡಿದರೆ 1225 ಚದರ ಅಡಿ, 20ಕ್ಕೆ 50 ಮಾಡಿದರೆ 1000, 10ಕ್ಕೆ 60 ಮಾಡಿದರೆ ಬರೀ 600. ಒಂದೇ ಬೇಲಿಗೆ ಜಾಸ್ತಿ ಜಾಗ ಕೊಡುವ ಆಯತ ಚೌಕವೇ.

ನಾನು ನಿಜವಾಗಿ ಹೇಳಬೇಕೆಂದಿದ್ದು ಓರೆಕೋರೆ ಸೈಟುಗಳ ಬಗ್ಗೆ. ಪತ್ರಗಳಲ್ಲಿ ಎದುರುಬದುರು ಬದಿಗಳನ್ನು ಕೂಡಿ ಎರಡರಿಂದ ಭಾಗಿಸಿ, ಬಂದ ಎರಡು ಸರಾಸರಿಗಳನ್ನು ಗುಣಿಸಿ ವಿಸ್ತೀರ್ಣ ಬರೆದಿರುವುದನ್ನು ನೋಡಿರುತ್ತೀರಿ. ಈ ಲೆಕ್ಕ ಸರಿಯಾಗುವುದು ಆಯತಕ್ಕೆ ಮಾತ್ರ. ಉಳಿದ ಎಲ್ಲ ಆಕಾರಗಳಿಗೂ ಅದು ಇರುವುದಕ್ಕಿಂತ ಜಾಸ್ತಿಯೇ ತೋರಿಸುತ್ತದೆ, ಕಡಿಮೆ ಯಾವತ್ತೂ ಅಲ್ಲ. ಅಂದರೆ ನಷ್ಟ ಕೊಳ್ಳುವವರಿಗೆ.

ಒಂದು ಉದಾಹರಣೆ. ಮುಂದೆ 30 ಅಡಿ, ಹಿಂದೆ 39, ಬಲಕ್ಕೆ 40, ಎಡಕ್ಕೆ 41, ಮುಂದೆ ಕಿರಿದು ಹಿಂದೆ ಅಗಲ, ಗೋಮುಖ ಅಂತ ಖುಷಿಪಟ್ಟು ಕೊಳ್ಳುವಂಥ ಸೈಟು. ಸರಾಸರಿ ಲೆಕ್ಕದಲ್ಲಿ 34.5 ಗುಣಿಸು 40.5, ಅಂದರೆ 1397.25 ಚದರ ಅಡಿ. ಈಗ ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ ಅಳೆದಾಗ 50 ಅಡಿ ಬಂತು ಅಂದುಕೊಳ್ಳಿ. ಸೈಟು ಎರಡು ತ್ರಿಕೋನ ಆಯಿತು. 30, 40, 50ರದ್ದು 600 ಚದರ ಅಡಿ. ಇನ್ನೊಂದರ ಬದಿಗಳು 50, 39, 41. ಮೂರನ್ನೂ ಕೂಡಿ ಅರ್ಧ ಮಾಡಿ, 65. ಅದರಿಂದ ಒಂದೊಂದು ಬದಿಯನ್ನೂ ಕಳೆಯಿರಿ, 15, 26, 24. ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದರೆ 780. ಒಟ್ಟು 1380. ಹದಿನೇಳು ಕಾಲು ಚದರ ಅಡಿ ಗಾಳಿಯಲ್ಲಿದೆ, ಚದರ ಅಡಿಗೆ 5000 ರೂಪಾಯಿ ಅಂತ ಇಟ್ಟುಕೊಂಡರೆ 86,250 ರೂಪಾಯಿ. ಥರ್ಟಿ ಫಾರ್ಟಿಯನ್ನೇ ಬೆಂಕಿಪೊಟ್ಟಣದ ಹಾಗೆ ಒತ್ತಿ ಒಂದು ಮೂಲೆ 60 ಡಿಗ್ರಿ ಮಾಡಿದರೆ ಇರುವುದು ಬರೀ 1039 ಚದರ ಅಡಿ, ಸರಾಸರಿ ಲೆಕ್ಕ ಮಾತ್ರ ಆಗಲೂ 1200 ಅನ್ನುತ್ತಲೇ ಇರುತ್ತದೆ.

ಇದು ಒರಟು ಲೆಕ್ಕ ಅಂತ ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಹೇಳಿದ್ದ. ಭಾಸ್ಕರಾಚಾರ್ಯರಂತೂ 1150ರ ಲೀಲಾವತಿಯಲ್ಲಿ ಬೈದೇ ಬಿಟ್ಟಿದ್ದಾರೆ: ಕರ್ಣವನ್ನಾಗಲಿ ಲಂಬವನ್ನಾಗಲಿ ಕೊಡದೆ ಬರೀ ನಾಲ್ಕು ಬದಿ ಹೇಳಿ ವಿಸ್ತೀರ್ಣ ಕೇಳುವವನು ಪಿಶಾಚಿ, ಅದಕ್ಕೆ ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ. ಸೈಟು ನೋಡಲು ಹೋಗುವಾಗ ಉದ್ದದ ಟೇಪು ಒಯ್ದು ಒಂದು ಕರ್ಣವನ್ನಾದರೂ ಅಳೆದುಕೊಂಡು ಬನ್ನಿ.

ಗೋಡೆ ಎದ್ದೇಬಿಟ್ಟಿದ್ದರೆ

ಒಡೆಯುವ ಮಾತಿಲ್ಲ. ಟೈಲ್ಸ್ ಹಾಕುವ ಮೊದಲು ಬಾಗಿಲ ಕಡೆಯ ಗೋಡೆಗೆ ಸಮಾಂತರವಾಗಿ ಒಂದು ಗೆರೆ ಹಾಕಿ, ಅದಕ್ಕೆ 6, 8, 10 ಅಡಿ ಹಿಡಿದು ಲಂಬ ಗೆರೆ ಎಳೆಯಿರಿ. ಟೈಲು ಕೂರಬೇಕಾದದ್ದು ಈ ಎರಡು ಗೆರೆಗಳಿಗೆ, ಗೋಡೆಗಳಿಗಲ್ಲ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಸಾಲು ನೇರ ಇರಲಿ, ಓರೆಯಾಗಿ ಕತ್ತರಿಸಿದ ತುಂಡುಗಳೆಲ್ಲ ಬೀರು ಅಥವಾ ಮಂಚದ ಕೆಳಗೆ ಹೋಗುವ ಹಾಗೆ ಹಂಚಿಕೊಳ್ಳಿ. ವಾರ್ಡ್‌ರೋಬ್ ಮಾಡುವವರಿಗೆ ಗೋಡೆಯ ಉದ್ದ ಮಾತ್ರ ಹೇಳಬೇಡಿ, ಮೂಲೆ ಎಷ್ಟು ತಪ್ಪಿದೆ ಅಂತಲೂ ಹೇಳಿ, ಪಕ್ಕದಲ್ಲಿ ಒಂದು ಪಟ್ಟಿ ಅಗಲ ಬಿಟ್ಟು ಮಾಡುತ್ತಾರೆ. ನಮ್ಮ ಹಿಂದಿನ ರೂಮಿನ ಎರಡೂವರೆ ಇಂಚು ಈಗ ಬೀರುವಿನ ಹಿಂದಿದೆ. ಮನೆಗೆ ಬಂದ ಯಾರೂ ಇದುವರೆಗೆ ಗಮನಿಸಿಲ್ಲ, ಟೈಲ್ಸ್ ಕೆಲಸ ಮಾಡುವ ಒಬ್ಬ ನೆಂಟರನ್ನು ಬಿಟ್ಟು.